ಶೇರ್ಡ್ ಫೋಲ್ಡರ್ ತೆರೆದಿಟ್ಟು ವರ್ಚುವಲ್ ಮೆಷಿನ್ ಓಡಿಸಬೇಡಿ

ವರ್ಚುವಲ್ ಮೆಷಿನ್ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರ್) ಒಳಗೆ ಏನು ಓಡಿಸಿದರೂ ಮನೆಯ ಕಂಪ್ಯೂಟರಿಗೆ ತೊಂದರೆ ಇಲ್ಲ ಅಂತ ನಂಬಿದವರು ದಯವಿಟ್ಟು ಇದನ್ನು ಓದಿ. ನಾನೂ ಹಾಗೇ ನಂಬಿದ್ದೆ. ಅಪ್ಪಯ್ಯನ ತಾಳಮದ್ದಲೆಯ ಟಿಪ್ಪಣಿಗಳು ಆ ನಂಬಿಕೆಗೆ ಹೋದವು.

ನಮ್ಮ ಮನೆ ಉಡುಪಿಯ ಕುಂಜಿಬೆಟ್ಟಿನ ಹತ್ತಿರ. ಅಪ್ಪಯ್ಯ ಮಳೆಗಾಲದ ಕೂಟಗಳಲ್ಲಿ ಅರ್ಥ ಹೇಳುತ್ತಿದ್ದರು. ಅವರು ತೀರಿಹೋದ ಮೇಲೆ ಉಳಿದದ್ದು ಹದಿನೆಂಟು ಕ್ಯಾಸೆಟ್ಟು, ಗೆದ್ದಲು ಹಿಡಿದ ನಾಲ್ಕು ನೋಟ್‌ಬುಕ್ಕು. ಎರಡು ವರ್ಷ ಕೂತು ಟಿಪ್ಪಣಿಗಳನ್ನೆಲ್ಲ ಟೈಪ್ ಮಾಡಿದೆ. ಹಾಳೆಗಳು ಮುಟ್ಟಿದರೆ ಪುಡಿಯಾಗುತ್ತಿದ್ದವು, ಎಸೆದೆ. ಕ್ಯಾಸೆಟ್ಟುಗಳನ್ನು ವೇವ್ ಫೈಲ್ ಮಾಡಿ ಅದೇ ಫೋಲ್ಡರಿನಲ್ಲಿ ಇಟ್ಟೆ. ಬೇರೆ ಕಡೆ ಪ್ರತಿ ಇಟ್ಟಿರಲಿಲ್ಲ.

ಕ್ಯಾಸೆಟ್ಟಿನ ಸುಯ್ಯೆನ್ನುವ ಸದ್ದು ತೆಗೆಯುವ ಸಾಫ್ಟ್‌ವೇರ್ ಹುಡುಕುವಾಗ ಕ್ರ್ಯಾಕ್ ಮಾಡಿದ್ದು ಧರ್ಮಕ್ಕೆ ಸಿಕ್ಕಿತು. ಮೊದಲು ಆಂಟಿವೈರಸ್ ಆಫ್ ಮಾಡಿ ಅಂತ ಜೊತೆಗೇ ಬರೆದಿತ್ತು. ಅಲ್ಲೇ ನಿಲ್ಲಿಸಬೇಕಿತ್ತು. ತಂಗಿಯ ಮಗ ಹಿಂದೊಮ್ಮೆ ವರ್ಚುವಲ್ ಮೆಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಹಾಕಿಕೊಟ್ಟು, "ದೊಡ್ಡಮ್ಮ, ಗೊತ್ತಿಲ್ಲದ್ದನ್ನೆಲ್ಲ ಇದರೊಳಗೆ ಓಡಿಸಿ ನೋಡಿ" ಅಂದಿದ್ದ. ಅವನದ್ದೇನೂ ತಪ್ಪಿಲ್ಲ. ಧ್ವನಿ ಫೈಲುಗಳನ್ನು ಒಳಗೆ ತರಲೆಂದು ಆಮೇಲೆ ಆ ಫೋಲ್ಡರನ್ನೇ ಶೇರ್ಡ್ ಫೋಲ್ಡರ್ (ಒಳಗೂ ಹೊರಗೂ ಹಂಚಿಕೊಂಡ ಫೋಲ್ಡರ್) ಮಾಡಿದವಳು ನಾನು. ರೀಡ್-ಓನ್ಲಿ (ಓದಲು ಮಾತ್ರ) ಗುರುತು ಹಾಕಿರಲಿಲ್ಲ. ಒಳಗಿನ ವಿಂಡೋಸಿಗೆ ಆ ಫೋಲ್ಡರ್ ಇನ್ನೊಂದು ಡ್ರೈವ್ ಥರ ಕಾಣುತ್ತದೆ, ಬರೆಯುವ ಅನುಮತಿ ಸಮೇತ.

ಆ ಕ್ರ್ಯಾಕ್ ಸಾಫ್ಟ್‌ವೇರನ್ನು ಒಳಗೆ ಓಡಿಸಿದ ಅರ್ಧ ಗಂಟೆಯಲ್ಲಿ ಎಲ್ಲ ಫೈಲಿನ ಹೆಸರಿಗೂ ಒಂದು ಬಾಲ ಅಂಟಿತ್ತು. ಜೊತೆಗೆ ಬಂದಿದ್ದ ರೀಡ್‌ಮಿ ಫೈಲಿನಲ್ಲಿ ಲಾಕ್ ಬಿಡಿಸಲು 980 ಡಾಲರ್ ಕೇಳಿದ್ದರು, 72 ಗಂಟೆಯೊಳಗೆ ಕೊಟ್ಟರೆ 490. ಸ್ನ್ಯಾಪ್‌ಶಾಟಿಗೆ, ಅಂದರೆ ಮೊದಲೇ ಉಳಿಸಿಟ್ಟ ವರ್ಚುವಲ್ ಮೆಷಿನ್ನಿನ ಹಳೆಯ ಸ್ಥಿತಿಗೆ, ವಾಪಸ್ ಹೋದೆ. ವರ್ಚುವಲ್ ಮೆಷಿನ್ ಒಂದೇ ನಿಮಿಷದಲ್ಲಿ ಮೊದಲಿನಂತಾಯಿತು. ಹೊರಗಿನ ಫೋಲ್ಡರ್ ಆಗಲಿಲ್ಲ. ಸ್ನ್ಯಾಪ್‌ಶಾಟ್ ಕಾಯುವುದು ಒಳಗಿನ ಡಿಸ್ಕನ್ನು ಮಾತ್ರ.

ಇದು ಸ್ಟಾಪ್ ಅನ್ನುವ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ರಾನ್ಸಮ್‌ವೇರ್ ವೈರಸ್ಸಿನ ಕುಟುಂಬದ್ದು. ಬೇಗ ಮುಗಿಸಲೆಂದು ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನೇ ಲಾಕ್ ಮಾಡುತ್ತದೆ. ವೇವ್ ಫೈಲಿನಲ್ಲಿ ಅದು ಒಂದು ಸೆಕೆಂಡಿಗೂ ಕಡಿಮೆ. ಆಡಾಸಿಟಿ ಅನ್ನುವ ಧ್ವನಿ ಸಾಫ್ಟ್‌ವೇರಿನಲ್ಲಿ ರಾ ಡೇಟಾ ಅಂತ ತೆರೆದು, 16 ಬಿಟ್, 44100 ಹರ್ಟ್ಸ್ ಕೊಟ್ಟಾಗ ಅಪ್ಪಯ್ಯನ ಸ್ವರ ಕೇಳಿತು. ಅವತ್ತು ಅತ್ತೆ. ಟಿಪ್ಪಣಿಯ ಫೈಲುಗಳು ಒಂದೊಂದೂ ನೂರು ಕೆಬಿಯ ಒಳಗಿನವು, ಹಾಗಾಗಿ ಪೂರ್ತಿ ಹೋದವು. ಎಮ್ಸಿಸಾಫ್ಟ್ ಕಂಪನಿಯ ಉಚಿತ ಡಿಕ್ರಿಪ್ಟರ್ (ಲಾಕ್ ಬಿಡಿಸುವ ಸಾಫ್ಟ್‌ವೇರ್) ಕೆಲಸಕ್ಕೆ ಬರಲಿಲ್ಲ. ತನ್ನ ಒಡೆಯರ ಸರ್ವರ್ ಸಿಗದಿದ್ದರೆ ಈ ವೈರಸ್ ತನ್ನೊಳಗಿನ ಆಫ್‌ಲೈನ್ ಕೀಯಲ್ಲೇ ಲಾಕ್ ಮಾಡುತ್ತದೆ, ಅಂಥದ್ದನ್ನು ಕೆಲವೊಮ್ಮೆ ಬಿಡಿಸಬಹುದು. ನನ್ನ ಮೆಷಿನ್ನಿಗೆ ಇಂಟರ್ನೆಟ್ ಇತ್ತು. ನನಗೆಂದೇ ಬೇರೆ ಕೀ ಬಂದಿತ್ತು.

ಹಾಗಾಗಿ ಕೇಳಿಕೊಳ್ಳುತ್ತೇನೆ. ಗೊತ್ತಿಲ್ಲದ ಫೈಲ್ ತೆರೆಯುವ ಮೊದಲು ವರ್ಚುವಲ್‌ಬಾಕ್ಸ್ ಸೆಟ್ಟಿಂಗ್ಸಿನಲ್ಲಿ ಶೇರ್ಡ್ ಫೋಲ್ಡರ್ ತೆಗೆದುಹಾಕಿ, ಕ್ಲಿಪ್‌ಬೋರ್ಡ್ ಹಂಚಿಕೆ ನಿಲ್ಲಿಸಿ, ನೆಟ್‌ವರ್ಕಿನಲ್ಲಿ ಕೇಬಲ್ ಕನೆಕ್ಟೆಡ್ ಅನ್ನುವ ಗುರುತು ತೆಗೆದು ಇಂಟರ್ನೆಟ್ ನಿಲ್ಲಿಸಿ. ವಿಂಡೋಸ್ ಪ್ರೊ ಇದ್ದವರಿಗೆ 2019ರಿಂದ ವಿಂಡೋಸ್ ಸ್ಯಾಂಡ್‌ಬಾಕ್ಸ್ ಅನ್ನುವ ತಾತ್ಕಾಲಿಕ ವರ್ಚುವಲ್ ಮೆಷಿನ್ ಇದೆ, ಮುಚ್ಚಿದರೆ ಒಳಗಿನದ್ದೆಲ್ಲ ಅಳಿಯುತ್ತದೆ. ಹೋಮ್ ಆವೃತ್ತಿಯಲ್ಲಿ ಅದಿಲ್ಲ. ಸ್ಯಾಂಡ್‌ಬಾಕ್ಸಿನಲ್ಲೂ ಇಂಟರ್ನೆಟ್ ತಾನಾಗಿ ಆನ್ ಇರುತ್ತದೆ, ಬೇಡವಾದರೆ ಕಾನ್ಫಿಗರೇಶನ್ ಫೈಲಿನಲ್ಲಿ ನಾವೇ ಆಫ್ ಮಾಡಬೇಕು. ಒಳಗೆ ಓಡಿಸಿದಾಗ ಏನೂ ಆಗಲಿಲ್ಲ ಅಂತ ಹೊರಗೆ ತಂದು ಓಡಿಸಬೇಡಿ. ವರ್ಚುವಲ್ ಮೆಷಿನ್ ಅಂತ ಗೊತ್ತಾದರೆ ಸುಮ್ಮನೆ ಕೂರುವ ವೈರಸ್ಸುಗಳೂ ಇವೆ.

ದುಡ್ಡು ಕೊಡಲಿಲ್ಲ. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಟ್ಟೆ. ಈಗ ಎರಡು ಹಾರ್ಡ್ ಡಿಸ್ಕ್ ತಂದಿದ್ದೇನೆ. ಪ್ರತಿ ಮಾಡುವ ಹೊತ್ತು ಬಿಟ್ಟರೆ ಎರಡೂ ಕಪಾಟಿನಲ್ಲೇ, ಒಂದು ನಮ್ಮ ಮನೆಯದ್ದರಲ್ಲಿ, ಇನ್ನೊಂದು ಮಂಗಳೂರಿನ ತಂಗಿಯ ಮನೆಯದ್ದರಲ್ಲಿ. ರಾತ್ರಿ ಊಟವಾದ ಮೇಲೆ ರೆಕಾರ್ಡಿಂಗ್ ಕೇಳುತ್ತಾ ಅಪ್ಪಯ್ಯ ಹೇಳಿದ ಅರ್ಥವನ್ನು ಮತ್ತೆ ಬರೆದುಕೊಳ್ಳುತ್ತಿದ್ದೇನೆ. ಮೂರನೇ ಕ್ಯಾಸೆಟ್ಟು ನಡೆಯುತ್ತಿದೆ.