ಅಪೋಜಿ ಎಂಕ್ಯೂ-510 ಪಾರ್ ಮೀಟರ್: ರೀಫ್ ಟ್ಯಾಂಕಿನಲ್ಲಿ ಎರಡು ವರ್ಷ ಬಳಸಿದ ಮೇಲೆ

ಚಿಕ್ಕಬಳ್ಳಾಪುರದಲ್ಲಿ ಕೂತು ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪು ನೀರಿನ ಟ್ಯಾಂಕ್ ನಡೆಸುವವರು ಕಡಿಮೆ. ಇರುವ ನಾಲ್ಕು ಜನ ಸಿಕ್ಕಾಗಲೆಲ್ಲ ಕೇಳುವುದು ಒಂದೇ ಮಾತು: "ಲೈಟ್ ಎಷ್ಟು ಪರ್ಸೆಂಟ್ ಇಟ್ಟಿದ್ದೀರ ಸಾರ್?" ಇದಕ್ಕೆ ಉತ್ತರ ಕೊಟ್ಟರೂ ಅವರಿಗೆ ಉಪಯೋಗವಿಲ್ಲ. ನನ್ನ ಲೈಟಿನ 50 ಪರ್ಸೆಂಟ್ ಬೇರೆ, ಅವರ ಲೈಟಿನ 50 ಪರ್ಸೆಂಟ್ ಬೇರೆ. ಲೆನ್ಸ್ ಬೇರೆ, ಎತ್ತರ ಬೇರೆ, ನೀರಿನ ಆಳ ಬೇರೆ. ಹವಳ ಕೂತಿರುವ ಜಾಗಕ್ಕೆ ಎಷ್ಟು ಬೆಳಕು ಬಂದು ಬಿತ್ತು ಅನ್ನುವುದೊಂದೇ ಲೆಕ್ಕ, ಮತ್ತು ಅದನ್ನು ಕಣ್ಣಿಂದ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಈ ಮೀಟರ್ ತಗೊಂಡೆ. ಎರಡು ವರ್ಷ ದಾಟಿದೆ. ಈಗ ಇದರ ಬಗ್ಗೆ ಧೈರ್ಯವಾಗಿ ಬರೆಯಬಹುದು ಅನಿಸುತ್ತಿದೆ.

ನನ್ನದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್. ಒಳಗೆ ಇರುವುದೆಲ್ಲ ಮೆತ್ತಗಿನ ಹವಳ: ಜೋವಾ, ಮಶ್ರೂಮ್, ಒಂದು ದೊಡ್ಡ ಲೆದರ್, ಕೀನ್ಯಾ ಟ್ರೀ. ನಮ್ಮ ದೇಶದ ಕಡಲಿನ ಕಲ್ಲು ಹವಳಗಳಿಗೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಎಲ್ಲಕ್ಕಿಂತ ಗಟ್ಟಿ ರಕ್ಷಣೆ ಇದೆ. "ಲೋಕಲ್ ಪೀಸ್, ಅಗ್ಗಕ್ಕೆ ಕೊಡ್ತೀವಿ" ಅಂತ ಯಾರಾದರೂ ಬಂದರೆ ದಯವಿಟ್ಟು ತಗೋಬೇಡಿ.

ಪಾರ್ ಅಂದರೆ 400ರಿಂದ 700 ನ್ಯಾನೋಮೀಟರ್ ನಡುವಿನ ಬೆಳಕು, ಅಂದರೆ ಹಸಿರು ಜೀವಗಳು ಆಹಾರ ಮಾಡಿಕೊಳ್ಳಲು ಬಳಸುವ ಬೆಳಕು. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ಆಹಾರ ಮಾಡುತ್ತದೆ, ಹವಳಕ್ಕೂ ಅದರಲ್ಲಿ ಪಾಲು ಕೊಡುತ್ತದೆ. ಬೆಳಕು ಕಡಿಮೆಯಾದರೆ ಹವಳ ಸೊರಗಿ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಜಾಸ್ತಿಯಾದರೆ ಪಾಚಿಯನ್ನೇ ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಮೀಟರ್ ಈ ಬೆಳಕನ್ನು ಪ್ರತಿ ಚದರ ಮೀಟರಿಗೆ ಪ್ರತಿ ಸೆಕೆಂಡಿಗೆ ಇಷ್ಟು ಮೈಕ್ರೋಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಲೆಕ್ಕ) ಅಂತ ತೋರಿಸುತ್ತದೆ. ಹವಳ ಸಾಕುವವರ ಬಾಯಲ್ಲಿ ಇದೇ ಸುಮ್ನೆ "ಪಾರ್ ನೂರು", "ಪಾರ್ ಇನ್ನೂರು". ಜೋವಾ, ಮಶ್ರೂಮ್, ಲೆದರ್‌ಗೆ ಸಾಮಾನ್ಯವಾಗಿ 50ರಿಂದ 150 ಸಾಕು. ಅಕ್ರೊಪೊರಾದಂಥ ಕಲ್ಲು ಹವಳಗಳಿಗೆ 200ರ ಮೇಲೆ ಬೇಕು, 300 ಕೊಡುವವರೂ ಇದ್ದಾರೆ.

"ಸಾವಿರ ರೂಪಾಯಿ ಆಸುಪಾಸಿನ ಲಕ್ಸ್ ಮೀಟರ್ ಇದೆಯಲ್ಲ, ಅದು ಸಾಲದಾ?" ಅಂತ ಕೇಳದವರಿಲ್ಲ. ಸಾಲುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿಗೆ ಮಾಡಿದ ಅಳತೆ. ನಮ್ಮ ಕಣ್ಣಿಗೆ 555 ನ್ಯಾನೋಮೀಟರಿನ ಹಸಿರು ತುಂಬಾ ಪ್ರಖರ, 450ರ ನೀಲಿ ತುಂಬಾ ಮಂದ. ರೀಫ್ ಲೈಟು ಕೊಡುವುದು ಹೆಚ್ಚಾಗಿ ಆ ನೀಲಿಯನ್ನೇ. ಸೂರ್ಯನ ಬೆಳಕಲ್ಲಿ 1 ಮೈಕ್ರೋಮೋಲ್ ಅಂದರೆ ಸುಮಾರು 54 ಲಕ್ಸ್. ಬಿಳಿ ಎಲ್‌ಇಡಿಯಲ್ಲಿ 60-75ರ ಆಸುಪಾಸು. ಅದೇ 450ರ ನೀಲಿಯಲ್ಲಿ ಲೆಕ್ಕ ಹಾಕಿದರೆ 7 ಲಕ್ಸ್ ಕೂಡ ಬರುವುದಿಲ್ಲ. ಅಂದರೆ ಲೈಟಿನ ಬಿಳಿ ಎಲ್‌ಇಡಿ ಒಂದೇ ಉರಿಸಿ 100 ಪಾರ್ ಮಾಡಿದರೆ ಲಕ್ಸ್ ಏಳು ಸಾವಿರದ ಹತ್ತಿರ ಇರುತ್ತದೆ, ನೀಲಿ ಒಂದೇ ಉರಿಸಿ ಅದೇ 100 ಪಾರ್ ಮಾಡಿದರೆ ಏಳು ನೂರನ್ನೂ ಮುಟ್ಟುವುದಿಲ್ಲ, ಹವಳಕ್ಕೆ ಸಿಕ್ಕ ಬೆಳಕಿನ ಕಣಗಳ ಲೆಕ್ಕ ಮಾತ್ರ ಎರಡರಲ್ಲೂ ಒಂದೇ. ಲಕ್ಸ್ ನಂಬಿಕೊಂಡು "ಬೆಳಕು ಸಾಲದು" ಅಂತ ನೀಲಿ ಏರಿಸುತ್ತಾ ಹೋದರೆ ಹವಳ ಸುಟ್ಟು ಹೋಗುತ್ತದೆ. ಒಂದೇ ಲೈಟನ್ನು ಒಂದೇ ಬಣ್ಣದಲ್ಲಿಟ್ಟು ಹೋದ ತಿಂಗಳಿಗೂ ಈ ತಿಂಗಳಿಗೂ ಹೋಲಿಸಲು ಲಕ್ಸ್ ಮೀಟರ್ ಸಾಕು. ಅದಕ್ಕಿಂತ ಹೆಚ್ಚಿನ ಕೆಲಸ ಅದರಿಂದ ನಿರೀಕ್ಷಿಸಬೇಡಿ. ಮೊಬೈಲ್ ಆ್ಯಪ್ ಕಥೆಯೂ ಹೆಚ್ಚು ಕಡಿಮೆ ಅಷ್ಟೇ, ಮೊಬೈಲನ್ನು ನೀರೊಳಗೆ ಇಳಿಸುವ ಹಾಗೂ ಇಲ್ಲ.

ಈಗ ಮೀಟರ್ ವಿಷಯ. ಅಪೋಜಿ ಅಮೆರಿಕದ ಯೂಟಾದ ಕಂಪನಿ. 510ರಲ್ಲಿ ಕೈಲಿ ಹಿಡಿಯುವ ಡಿಸ್‌ಪ್ಲೇ ಒಂದು, ವೈರಿನ ತುದಿಯಲ್ಲಿ ಹೆಬ್ಬೆರಳಿನಷ್ಟು ಸೆನ್ಸರ್ ಒಂದು. ಸೆನ್ಸರ್ ನೀರಿಗೆ ಇಳಿಯುತ್ತದೆ, ಡಿಸ್‌ಪ್ಲೇಗೆ ನೀರು ತಾಗಬಾರದು. ಸುಮಾರು 389ರಿಂದ 692 ನ್ಯಾನೋಮೀಟರ್‌ವರೆಗೆ ಒಂದೇ ಸಮನಾಗಿ ಓದುತ್ತದೆ, ಆದ್ದರಿಂದ ನೀಲಿಯನ್ನೂ ನೇರಳೆಯನ್ನೂ ನಂಬಬಹುದು. ಇನ್ನೊಂದು ಮುಖ್ಯ ಸಂಗತಿ ಇದೆ. ಯಾವ ಸೆನ್ಸರ್ ಆದರೂ ನೀರೊಳಗೆ ಹೋದಾಗ ನಿಜಕ್ಕಿಂತ ಕಡಿಮೆ ಓದುತ್ತದೆ, ಯಾಕೆಂದರೆ ಅದರ ಬಿಳಿ ಮುಚ್ಚಳದಿಂದ ಬೆಳಕು ಗಾಳಿಗಿಂತ ನೀರಿಗೆ ಜಾಸ್ತಿ ವಾಪಸ್ ಸೋರುತ್ತದೆ. 510 ಆ ತಿದ್ದುಪಡಿಯನ್ನು ತಾನೇ ಮಾಡಿಕೊಂಡು ತೋರಿಸುತ್ತದೆ. ಇದೇ ಕಂಪನಿಯ ಯುಎಸ್‌ಬಿ ಸೆನ್ಸರ್ ಎಸ್‌ಕ್ಯೂ-520 ಲ್ಯಾಪ್‌ಟಾಪಿಗೆ ಸಿಕ್ಕಿಸುವಂಥದ್ದು. ಅದರಲ್ಲಿ ಬಂದ ಸಂಖ್ಯೆಯನ್ನು 1.32ರಿಂದ ನೀವೇ ಗುಣಿಸಬೇಕು.

ಸೆನ್ಸರ್ ಹಿಡಿಯುವ ಕೋಲು ಬೇರೆ ಮಾರುತ್ತಾರೆ. ನಾನು ಅದಕ್ಕೆ ದುಡ್ಡು ಹಾಕಲಿಲ್ಲ. ವೈರಿಂಗ್‌ಗೆ ಹಾಕುವ ಪಿವಿಸಿ ಪೈಪು, ತುದಿಗೊಂದು ಬೆಂಡು, ಎರಡು ಕೇಬಲ್ ಟೈ. ಅಷ್ಟೇ. ಸೆನ್ಸರ್ ಮುಖ ನೆಟ್ಟಗೆ ಮೇಲಕ್ಕೇ ಇರಬೇಕು, ಸ್ವಲ್ಪ ವಾಲಿದರೂ ಸಂಖ್ಯೆ ಬದಲಾಗುತ್ತದೆ. ಅಳೆಯುವ ಮುಂಚೆ ನೀರಲ್ಲಿ ಅಲೆ ಎಬ್ಬಿಸುವ ವೇವ್ ಮೇಕರ್ ನಿಲ್ಲಿಸಿ. ಇಲ್ಲದಿದ್ದರೆ ಅಲೆಯ ಹೊಳಪಿಗೆ ಸಂಖ್ಯೆ 90, 140, 105 ಅಂತ ಕುಣಿಯುತ್ತಲೇ ಇರುತ್ತದೆ. ಕೈಯ ನೆರಳು ಬೀಳದ ಹಾಗೆ ಟ್ಯಾಂಕಿನ ಹಿಂಬದಿಯಿಂದ ಪೈಪ್ ಇಳಿಸುವುದು ಒಳ್ಳೆಯದು.

ಮೊದಲು ಮಾಡಿದ ಕೆಲಸ ಟ್ಯಾಂಕಿನ ನಕ್ಷೆ. ಒಂದು ಹಾಳೆಯಲ್ಲಿ ಕಲ್ಲುಗಳ ಚಿತ್ರ ಬರೆದು ಅಲ್ಲಲ್ಲೇ ಸಂಖ್ಯೆ ಬರೆದೆ. ಲೈಟಿನ ನೇರ ಕೆಳಗೆ ಮೇಲಿನ ಕಲ್ಲಿನ ತುದಿಯಲ್ಲಿ 240, ಅದರ ಕೆಳಗೆ ಮರಳಲ್ಲಿ 110, ಎಡ ಮೂಲೆಯಲ್ಲಿ 38. ಕಲ್ಲಿನ ಚಾಚಿನ ಅಡಿಗೆ ಸೆನ್ಸರ್ ತಳ್ಳಿದರೆ 15! ಅಲ್ಲಿಂದ ನಾಲ್ಕು ಬೆರಳು ಈಚೆಗೆ ತಂದರೆ 95. ಕಣ್ಣಿಗೆ ಈ ಎರಡೂ ಜಾಗ ಒಂದೇ ಥರ ಬೆಳಗಿದ್ದವು. ಇದನ್ನು ನೋಡಿದ ಮೇಲೆ ಲೈಟನ್ನು ನಾಲ್ಕು ಇಂಚು ಮೇಲಕ್ಕೆ ಕಟ್ಟಿದೆ. ಮೇಲಿನ ತುದಿ 180ಕ್ಕೆ ಇಳಿಯಿತು, ಮೂಲೆ 45ಕ್ಕೆ ಏರಿತು. ಪರ್ಸೆಂಟ್ ಮುಟ್ಟಲೇ ಇಲ್ಲ. ಲೆದರ್ ಈಗ 130 ಇರುವ ಕಲ್ಲಿನ ಮೇಲೆ ಕೂತಿದೆ, ಅಂಗೈಯಷ್ಟು ಇದ್ದದ್ದು ಊಟದ ತಟ್ಟೆಯಷ್ಟಾಗಿದೆ.

ನನಗೆ ಈ ಮೀಟರಿನ ನಿಜವಾದ ಬೆಲೆ ಗೊತ್ತಾಗಿದ್ದು ಲಾಗ್ ಮೋಡಿನಲ್ಲಿ. ಅದರಲ್ಲಿ ಬಿಟ್ಟರೆ 30 ಸೆಕೆಂಡಿಗೊಮ್ಮೆ ಓದಿ, ಅರ್ಧ ಗಂಟೆಗೊಮ್ಮೆ ಸರಾಸರಿ ಬರೆದಿಟ್ಟುಕೊಂಡು, ಇಡೀ ದಿನದ ಒಟ್ಟು ಬೆಳಕನ್ನು ಮೋಲ್ ಲೆಕ್ಕದಲ್ಲಿ ಕೊಡುತ್ತದೆ. 120 ಪಾರ್ 9 ಗಂಟೆ ಅಂದರೆ ದಿನಕ್ಕೆ ಹತ್ತಿರ ಹತ್ತಿರ 3.9 ಮೋಲ್. ನನ್ನ ಜೋವಾ ಕಲ್ಲಿನ ಹತ್ತಿರ ಜೂನ್‌ನಲ್ಲಿ ಹೀಗೇ ಬರುತ್ತಿತ್ತು. ಡಿಸೆಂಬರಿನಲ್ಲಿ ಅದೇ ಜಾಗ, ಅದೇ ಸೆಟ್ಟಿಂಗು, ಆದರೆ ಒಟ್ಟು 5ರ ಹತ್ತಿರ ಹೋಯಿತು. ಒಂದೊಂದೇ ಸರಾಸರಿ ನೋಡುತ್ತಾ ಹೋದರೆ ಮಧ್ಯಾಹ್ನದ ಮೂರು ನಾಲ್ಕು ಓದುಗಳು ಮಾತ್ರ 250 ದಾಟಿದ್ದವು, ಉಳಿದವೆಲ್ಲ ಹಳೆಯ ಹಾಗೇ. ಲೈಟಲ್ಲ ಅದು, ದಕ್ಷಿಣದ ಕಿಟಕಿ! ನಮ್ಮೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಮೇ ತಿಂಗಳಿಂದ ಜುಲೈವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ, ದಕ್ಷಿಣದ ಕಿಟಕಿಯೊಳಗೆ ಬಿಸಿಲು ಬರುವುದಿಲ್ಲ. ಚಳಿಗಾಲದಲ್ಲಿ ದಕ್ಷಿಣಕ್ಕೆ ವಾಲಿ ಕಿಟಕಿಯೊಳಗೆ ನೇರ ಟ್ಯಾಂಕಿಗೇ ಬೀಳುತ್ತಾನೆ. ಪ್ರತಿ ಚಳಿಗಾಲದಲ್ಲಿ ಆ ಒಂದು ಕಲ್ಲಿನ ಜೋವಾಗಳು ಮಾತ್ರ ಮಾಸಲಾಗಿ ಮುದುಡಿಕೊಳ್ಳುತ್ತಿದ್ದವು, ನೀರು ಟೆಸ್ಟ್ ಮಾಡಿದರೆ ಎಲ್ಲ ಸರಿ ಇರುತ್ತಿತ್ತು. ಒಂದು ಪರದೆ ಹಾಕಿದೆ, ನಿಂತುಹೋಯಿತು. ಈ ಒಂದು ಉತ್ತರಕ್ಕೇ ನಾನು ಮೀಟರಿನ ದುಡ್ಡು ವಸೂಲಾಯಿತು ಅನ್ನುತ್ತೇನೆ.

ಇನ್ನೊಂದು, ಬೆಳಕು ನಿಧಾನವಾಗಿ ಇಳಿಯುವುದು. ಮರಳಿನ ಮಧ್ಯದ ಒಂದೇ ಜಾಗವನ್ನು ಆಗಾಗ ಅಳೆದು ಬರೆದಿಡುತ್ತೇನೆ. ಒಂದು ಸಲ ಐದನೇ ಒಂದು ಭಾಗದಷ್ಟು ಕಡಿಮೆ ಬಂತು. ಎಲ್‌ಇಡಿ ಸವೆದಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಲೈಟಿನ ಅಡಿಯ ಗಾಜು ಒರೆಸಿದರೆ ಬೆರಳಿಗೆ ಬಿಳಿ ಉಪ್ಪು ಬಂತು. ವಿನಿಗರ್ ಹಚ್ಚಿ ಒರೆಸಿದ ಮೇಲೆ ಸಂಖ್ಯೆ ಪೂರಾ ವಾಪಸ್. ಬಬಲ್ ಒಡೆದು ಚಿಮ್ಮುವ ಉಪ್ಪು ಅದು. ಟ್ಯಾಂಕಿಗೆ ಗಾಜಿನ ಮುಚ್ಚಳ ಹಾಕಿದವರಿಗೆ ಇದು ಇನ್ನೂ ಜಾಸ್ತಿ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಆ ಗಾಜು ತೊಳೆದರೆ ಸುಣ್ಣದ ಕಲೆಯೂ ಸೇರಿಕೊಳ್ಳುತ್ತದೆ, ಆರ್‌ಓ ನೀರಲ್ಲೇ ತೊಳೆಯಿರಿ.

ಸೆನ್ಸರಿಗೂ ಇದೇ ಆರೈಕೆ. ಉಪ್ಪು ನೀರಿಂದ ತೆಗೆದ ಕೂಡಲೇ ಆರ್‌ಓ ನೀರಲ್ಲಿ ಅದ್ದಿ ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಉಪ್ಪು ಕಟ್ಟಿದ್ದರೆ ವಿನಿಗರ್. ಉಜ್ಜುವ ಸ್ಕ್ರಬ್ಬರ್ ಹತ್ತಿರವೂ ತರಬೇಡಿ, ಮುಚ್ಚಳದ ಮೇಲೆ ಗೀರು ಬಿದ್ದರೆ ಅಳತೆಯೇ ಕೆಡುತ್ತದೆ.

ನಮ್ಮ ಭಾವನದು ಊರಾಚೆ ಕ್ಯಾಪ್ಸಿಕಂ ಪಾಲಿಹೌಸ್. ಒಂದು ದಿನ ಮನೆಗೆ ಬಂದವರು ನೋಡಿ, "ಲೋ, ಇದು ನಮ್ ಬೆಳೆಗೂ ಬರುತ್ತೇನೋ?" ಅಂದರು. "ಬರುತ್ತೆ ಭಾವ, ಗಿಡಕ್ಕೂ ಇದೇ ಅಳತೆ" ಅಂದೆ. ಹೊರಗೆ ಮಧ್ಯಾಹ್ನದ ಬಿಸಿಲು 1,900ರ ಮೇಲೆ, ಒಳಗೆ ಧೂಳು ಹಿಡಿದ ಶೀಟಿನ ಕೆಳಗೆ ಅದರ ಅರ್ಧವೂ ಇರಲಿಲ್ಲ. ಶೀಟು ತೊಳೆಸಿದ ಮೇಲೆ ಮತ್ತೆ ಅಳೆದರು, ಕಣ್ಣಿಗೆ ಕಾಣುವಷ್ಟು ಏರಿತ್ತು. ಗಾಳಿಯಲ್ಲಿ ಅಳೆಯುವಾಗ ನೀರಿನ ತಿದ್ದುಪಡಿ ಸೇರಿಕೊಂಡಿದ್ದರೆ ಸಂಖ್ಯೆ ಜಾಸ್ತಿ ಬರುತ್ತದೆ, ಅದನ್ನು ನೆನಪಿಡಿ.

ಬೆಲೆ ಮಾತ್ರ ಭಾರ. ಕಸ್ಟಮ್ಸ್ ಎಲ್ಲ ಸೇರಿ ಅರ್ಧ ಲಕ್ಷ ದಾಟುತ್ತದೆ. ಎರಡು ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ (ಅಳತೆ ತಾಳೆ ನೋಡಿ ಸರಿಪಡಿಸುವುದು) ಮಾಡಿಸಿ ಅನ್ನುತ್ತದೆ ಕಂಪನಿ, ಅದು ಇನ್ನೊಂದು ಖರ್ಚು. ಎರಡು ಜೋವಾ ಕಲ್ಲು ಇಟ್ಟುಕೊಂಡವರು ಒಬ್ಬರೇ ಇದನ್ನು ಕೊಳ್ಳಬೇಡಿ. ನಾಲ್ಕೈದು ಜನ ಸೇರಿ ಒಂದು ತಗೊಳ್ಳಿ. ಟ್ಯಾಂಕ್ ಹೊಸದಾಗಿ ಕಟ್ಟಿದಾಗ, ಲೈಟ್ ಬದಲಿಸಿದಾಗ, ಕಲ್ಲು ಸರಿಸಿದಾಗ ಬೇಕಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಡಬ್ಬದಲ್ಲೇ ಇರುತ್ತದೆ. ಕಡಿಮೆ ದುಡ್ಡಲ್ಲಿ ಬೇಕು ಅಂದರೆ ಇಂಗ್ಲೆಂಡಿನ ಸೆನೈ ರೀಫ್ ಇದೆ, ಅದು ಪಾರ್ ಜೊತೆಗೆ ಅಮೋನಿಯಾ, ಪಿಎಚ್, ಬಿಸಿಯನ್ನೂ ನೋಡುತ್ತದೆ. ಅಮೋನಿಯಾ, ಪಿಎಚ್ ಬೇಕಾದರೆ ತಿಂಗಳಿಗೊಂದು ಸ್ಲೈಡ್ (ಟೆಸ್ಟ್ ಪಟ್ಟಿ) ಹಾಕಬೇಕು, ಬೆಳಕಿಗೆ ಸ್ಲೈಡ್ ಬೇಡ.

ಅಪೋಜಿಯ ಹಳೇ 200 ಸರಣಿ ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುವುದುಂಟು. ಅದು ನೀಲಿಯನ್ನು ನಿಜಕ್ಕಿಂತ ಕಡಿಮೆ ಓದುತ್ತದೆ. ನೀಲಿ ಜಾಸ್ತಿ ಉರಿಸುವ ಟ್ಯಾಂಕ್ ನಿಮ್ಮದಾದರೆ ಸ್ವಲ್ಪ ಕಾದು ಈ 510 ಸೇರಿದ 500 ಸರಣಿಯದ್ದನ್ನೇ ತಗೊಳ್ಳಿ.