22 ತಿಂಗಳ ಥೆರಪಿ: ಶುರು ಮಾಡಬೇಕೆಂದಿರುವವರಿಗೆ ನನ್ನ ಅನುಭವ

ಮನಸ್ಸಿನ ಕಷ್ಟಕ್ಕೆ ಮಾತಿನ ಮೂಲಕ ಪಡೆದ ಚಿಕಿತ್ಸೆ ಇದು. ಅವಧಿ: 22 ತಿಂಗಳು. ಮೊದಲ ವರ್ಷ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ತಿಂಗಳಿಗೊಮ್ಮೆ. ಒಟ್ಟು 58 ಸೆಷನ್, ಒಂದೊಂದೂ 50 ನಿಮಿಷ. ಮುಗಿಸಿ ಎಂಟು ತಿಂಗಳಾಗಿದೆ.

ಹೋಗಬೇಕು ಅನ್ನಿಸಿದ ದಿನಕ್ಕೂ ಹೋಗಿ ಕೂತ ದಿನಕ್ಕೂ ನಡುವೆ ಒಂದು ವರ್ಷದ ಮೇಲಾಗಿತ್ತು. ತಡೆದದ್ದು ನಾಚಿಕೆಗಿಂತ ಹೆಚ್ಚಾಗಿ 'ನನ್ನದೇನು ಅಂಥ ಮಹಾ ಕಷ್ಟ' ಅನ್ನುವ ಮಾತು. ಕೆಲಸಕ್ಕೆ ಹೋಗುತ್ತಿದ್ದೆ, ಊಟ ಮಾಡುತ್ತಿದ್ದೆ, ನಾಲ್ಕು ಜನರ ನಡುವೆ ನಗುತ್ತಲೂ ಇದ್ದೆ. ಆದರೆ ಅಪ್ಪ ತೀರಿಕೊಂಡ ಮೇಲೆ ಬೆಳಗಿನ ಜಾವ ಮೂರೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಅಕ್ಕನ ಫೋನ್ ಬಂದರೆ ಅವಳ ಹೆಸರನ್ನೇ ನೋಡುತ್ತಾ ರಿಂಗ್ ನಿಲ್ಲುವವರೆಗೂ ಕೂತಿರುತ್ತಿದ್ದೆ. ಒಂದು ರಾತ್ರಿ 'ನನ್ನ ಮೇಲೆ ಕೋಪಾನಾ?' ಅಂತ ಮೆಸೇಜ್ ಹಾಕಿದಳು. ಕೋಪ ಇರಲಿಲ್ಲ. ಏನಿತ್ತು ಅಂತ ನನಗೇ ಗೊತ್ತಿರಲಿಲ್ಲ. ಮಾರನೇ ದಿನ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆ.

ಕಷ್ಟ ಇಷ್ಟು ದೊಡ್ಡದಾದ ಮೇಲೆಯೇ ಹೋಗಬೇಕು ಅಂತೇನೂ ಇಲ್ಲ. ನಿದ್ದೆಯೋ, ಕೆಲಸವೋ, ಹತ್ತಿರದವರ ಜೊತೆಗಿನ ಒಡನಾಟವೋ ವಾರಗಟ್ಟಲೆ ಕೆಟ್ಟಿದ್ದರೆ ಅಷ್ಟೇ ಸಾಕು.

ಯಾರ ಹತ್ತಿರ ಹೋಗಬೇಕು ಅನ್ನುವಲ್ಲಿ ನನಗೂ ಗೊಂದಲವಿತ್ತು. ಮನೋವೈದ್ಯರು ವೈದ್ಯಕೀಯ ಓದಿದವರು, ಔಷಧಿ ಬರೆದುಕೊಡುತ್ತಾರೆ. ಮನಶ್ಶಾಸ್ತ್ರಜ್ಞರು, ಆಪ್ತಸಮಾಲೋಚಕರು ಸಾಮಾನ್ಯವಾಗಿ ಮಾತಿನ ಮೂಲಕವೇ ಚಿಕಿತ್ಸೆ ಕೊಡುವವರು. ಕೆಲವರಿಗೆ ಎರಡೂ ಒಟ್ಟಿಗೆ ಬೇಕಾಗುತ್ತದೆ. ನಮ್ಮ ಮಾಮೂಲಿ ಡಾಕ್ಟರು ಮೊದಲು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಏರುಪೇರಾದರೂ, ರಕ್ತಹೀನತೆ ಇದ್ದರೂ ಖಿನ್ನತೆಯಂಥದ್ದೇ ಸುಸ್ತು ಕಾಡಬಹುದಂತೆ. ನನ್ನ ರಿಪೋರ್ಟ್ ಸರಿಯಿತ್ತು.

ಮೊದಲು ಹೋದ ಥೆರಪಿಸ್ಟ್ ಹತ್ತಿರ ನಾಲ್ಕೇ ಸೆಷನ್. ನಾನು ಒಂದು ವಾಕ್ಯ ಮುಗಿಸುವುದರೊಳಗೆ ಅವರ ಸಲಹೆ ಶುರುವಾಗುತ್ತಿತ್ತು. ತಮ್ಮ ತಂದೆ ತೀರಿಕೊಂಡಾಗ ತಾವು ಹೇಗೆ ಗಟ್ಟಿಯಾದೆ ಅನ್ನುವುದನ್ನೇ ಇಪ್ಪತ್ತು ನಿಮಿಷ ಹೇಳಿದರು. ಐದನೇ ವಾರ ನಾನು ಹೋಗಲಿಲ್ಲ, ಬರುವುದಿಲ್ಲ ಅಂತ ತಿಳಿಸಲೂ ಇಲ್ಲ. ಥೆರಪಿಯೇ ನನಗೆ ಆಗಿಬರುವುದಿಲ್ಲ ಅಂದುಕೊಂಡು ಎರಡು ತಿಂಗಳು ಸುಮ್ಮನಿದ್ದೆ. ಈ ತಪ್ಪನ್ನು ನೀವು ಮಾಡಬೇಡಿ. ಒಬ್ಬರು ಹೊಂದಲಿಲ್ಲ ಅಂದರೆ ಅವರೊಬ್ಬರು ಹೊಂದಲಿಲ್ಲ ಅಂತ ಮಾತ್ರ ಅರ್ಥ.

ಎರಡನೆಯವರ ಬಳಿ ಮೊದಲ ದಿನ ಅರ್ಧ ಹೊತ್ತು ಒಪ್ಪಂದದ ಮಾತಿಗೇ ಹೋಯಿತು. ನಾನು ಹೇಳಿದ್ದು ಅವರಲ್ಲೇ ಇರುತ್ತದೆ. ನನ್ನ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದ್ದರೆ, ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದ್ದರೆ, ನ್ಯಾಯಾಲಯ ಕೇಳಿದರೆ ಮಾತ್ರ ಆ ಗೌಪ್ಯತೆ ಮೀರಬೇಕಾಗಬಹುದು. ಬರಲಾಗದಿದ್ದರೆ 24 ಗಂಟೆ ಮುಂಚೆ ತಿಳಿಸಬೇಕು. ಆಮೇಲೆ ಪಿಎಚ್‌ಕ್ಯೂ-9 ಅನ್ನುವ ಒಂದು ಹಾಳೆ ಕೊಟ್ಟರು: ಕಳೆದ ಎರಡು ವಾರದ ಬಗ್ಗೆ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ನನ್ನದು 14 ಬಂತು. ಮಧ್ಯಮ ಮಟ್ಟದ ಖಿನ್ನತೆಯ ಸೂಚನೆ ಅದು. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಅದಕ್ಕೆ ಸತ್ಯವನ್ನೇ ಬರೆಯಿರಿ. ಆ ಯೋಚನೆ ಬಂದದ್ದನ್ನು ಹೇಳಿದ ಮಾತ್ರಕ್ಕೆ ಯಾರೂ ಗಾಬರಿಯಿಂದ ಮನೆಯವರಿಗೆಲ್ಲ ಫೋನ್ ಮಾಡುವುದಿಲ್ಲ, ಮೊದಲು ಕೂತು ವಿವರವಾಗಿ ಕೇಳುತ್ತಾರೆ. ಆದರೆ ಈ ಕ್ಷಣವೇ ಜೀವಕ್ಕೆ ಅಪಾಯ ಅನ್ನಿಸುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ತುರ್ತು ಸಹಾಯಕ್ಕೆ ಕರೆ ಮಾಡಿ, ಜೊತೆಗೆ ಒಬ್ಬರನ್ನು ಇರಿಸಿಕೊಳ್ಳಿ.

ಅವತ್ತು ಮೇಡಂ ಕೇಳಿದ ಒಂದು ಪ್ರಶ್ನೆ ಕೊನೆಯವರೆಗೂ ಕೆಲಸಕ್ಕೆ ಬಂತು. 'ಇದು ಸರಿಹೋದರೆ ನಿಮ್ಮ ಒಂದು ಸಾಮಾನ್ಯ ಮಂಗಳವಾರ ಹೇಗಿರುತ್ತೆ?' ನಾನು ತುಂಬ ಹೊತ್ತು ಯೋಚಿಸಿ, 'ಅಕ್ಕ ಫೋನ್ ಮಾಡಿದರೆ ಎತ್ತುತ್ತೇನೆ' ಅಂದೆ. ಅದನ್ನೇ ಗುರಿ ಅಂತ ಬರೆದುಕೊಂಡರು.

ಮೊದಲ ಎರಡು ತಿಂಗಳು ನಾನು ಇನ್ನೂ ಕುಗ್ಗಿದೆ. ಇದನ್ನು ಯಾರೂ ಮುಂಚೆ ಹೇಳಿರಲಿಲ್ಲ. ಅಲ್ಲಿವರೆಗೆ ಮುಚ್ಚಿಟ್ಟದ್ದನ್ನು ವಾರಕ್ಕೊಮ್ಮೆ ಬಿಚ್ಚುವಾಗ ನೋವಾಗುವುದು ಸಹಜವಂತೆ. ಸೆಷನ್ ಮುಗಿದ ಕೂಡಲೇ ಕೆಲಸದ ಮೀಟಿಂಗ್‌ಗೆ ಕೂತು ಎರಡು ಸಲ ತೊಂದರೆಪಟ್ಟೆ. ಆಮೇಲೆ ಒಂದು ಗಂಟೆ ಖಾಲಿ ಬಿಡಲು ಕಲಿತೆ. ಆ ಹೊತ್ತಿನಲ್ಲಿ ಸುಮ್ಮನೆ ನಡೆಯುತ್ತಿದ್ದೆ. ಕುಗ್ಗುವುದು ತಿಂಗಳುಗಟ್ಟಲೆ ಹಾಗೇ ಮುಂದುವರಿದರೆ ಅದನ್ನು ಸಹಜ ಅಂತ ಬಿಡಬಾರದು, ಸೆಷನ್‌ನಲ್ಲೇ ಆ ಮಾತು ಎತ್ತಬೇಕು.

ನನ್ನದು ಹೆಚ್ಚಾಗಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ಒಟ್ಟಿಗೆ ನೋಡುವ ಪದ್ಧತಿ. 1960ರ ದಶಕದಲ್ಲಿ ಆರನ್ ಬೆಕ್ ಅನ್ನುವ ಅಮೆರಿಕದ ಮನೋವೈದ್ಯರು ಇದಕ್ಕೆ ಬುನಾದಿ ಹಾಕಿದರು. ಖಿನ್ನತೆಯಲ್ಲಿರುವವರ ಮನಸ್ಸಿನಲ್ಲಿ ತಂತಾನೇ ಮಿಂಚಿ ಹೋಗುವ ಮಾತುಗಳನ್ನು ಅವರು ಗಮನಿಸಿದ್ದರು. ಆ ಮಾತನ್ನು ಹಿಡಿದು ಕಾಗದದ ಮೇಲೆ ಇಡುವುದೇ ನನ್ನ ಹೋಂವರ್ಕ್. ಒಂದು ದಿನದ್ದು ಹೀಗಿತ್ತು. ನಡೆದದ್ದು: ಸಂಜೆ 7:10, ಅಕ್ಕನ ಮಿಸ್ಡ್ ಕಾಲ್. ಬಂದ ಯೋಚನೆ: ಆಸ್ಪತ್ರೆಗೆ ಯಾಕೆ ತಡವಾಗಿ ಬಂದೆ ಅಂತ ಇವತ್ತು ಕೇಳಿಯೇ ಕೇಳುತ್ತಾಳೆ. ಎಷ್ಟು ನಂಬುತ್ತೇನೆ: ನೂರಕ್ಕೆ 90. ಅದಕ್ಕೆ ಆಧಾರ: ಅಪ್ಪ ಹೋದ ರಾತ್ರಿ ಅವಳು ನನ್ನ ಜೊತೆ ಮಾತಾಡಲಿಲ್ಲ. ವಿರುದ್ಧ ಆಧಾರ: ಅವತ್ತು ಅವಳು ಯಾರ ಜೊತೆಯೂ ಮಾತಾಡಲಿಲ್ಲ, ಆಮೇಲೆ ಇಷ್ಟು ದಿನದಲ್ಲಿ ಒಮ್ಮೆಯೂ ಕೇಳಿಲ್ಲ. ಈಗ ಎಷ್ಟು ನಂಬುತ್ತೇನೆ: 55. ಬರೆದು ಮುಗಿಸಿದಾಗ 'ಯಾರ ಜೊತೆಯೂ' ಅನ್ನುವ ಎರಡು ಪದಗಳನ್ನು ನೋಡುತ್ತಾ ಎಷ್ಟೋ ಹೊತ್ತು ಕೂತಿದ್ದೆ. ಅವಳ ದುಃಖವನ್ನು ನಾನು ಅಲ್ಲಿಯವರೆಗೆ ನನ್ನ ಮೇಲಿನ ಆರೋಪ ಅಂತಲೇ ಓದಿಕೊಂಡಿದ್ದೆ.

ಹಾಗಂತ ಎಲ್ಲವೂ ನೇರವಾಗಿ ಮೇಲೇರಲಿಲ್ಲ. ನಾಲ್ಕನೇ ತಿಂಗಳಲ್ಲಿ ಮೂರು ವಾರ ಹೋಂವರ್ಕ್ ಮಾಡದೆ, ಮಾಡಿದ್ದೇನೆ ಅಂತ ಸುಳ್ಳು ಹೇಳಿದೆ. ಸೆಷನ್ ದಿನ ಬೆಳಗ್ಗೆಯಿಂದಲೇ ಹೊಟ್ಟೆ ತೊಳೆಸುತ್ತಿತ್ತು. ಹದಿನೇಳನೇ ಸೆಷನ್‌ನಲ್ಲಿ ಮೇಡಂ ಪೆನ್ನು ಕೆಳಗಿಟ್ಟು, 'ಇಲ್ಲಿಗೆ ಬರೋ ದಾರೀಲಿ ಏನನ್ನಿಸುತ್ತೆ ನಿಮಗೆ?' ಅಂದರು. ಗಡಿಯಾರ ನೋಡಿದೆ, ಇನ್ನೂ ಅರ್ಧ ಗಂಟೆ ಇತ್ತು. 'ಭಯ ಆಗುತ್ತೆ. ಬರೆದಿಲ್ಲ. ಬರೆದಿದ್ದೇನೆ ಅಂತ ಸುಳ್ಳು ಹೇಳಿದೆ' ಅಂದೆ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, 'ನಾನು ಇದನ್ನ ಪರೀಕ್ಷೆ ಥರ ಮಾಡಿಬಿಟ್ಟೆ ಅನ್ಸುತ್ತೆ. ಹೇಳಿದ್ದು ಒಳ್ಳೇದಾಯ್ತು' ಅಂದರು.

ನನ್ನ ಥೆರಪಿ ನಿಜವಾಗಿ ಶುರುವಾದದ್ದು ಆ ಅರ್ಧ ಗಂಟೆಯಲ್ಲಿ. ಮೊದಲಿನ ಥೆರಪಿಸ್ಟ್‌ಗೆ ತಿಳಿಸದೇ ಬಿಟ್ಟು ಬಂದದ್ದು, ಅಕ್ಕನ ಫೋನ್ ಎತ್ತದಿದ್ದದ್ದು, ಈ ಸುಳ್ಳು, ಮೂರೂ ಒಂದೇ ಅಭ್ಯಾಸ. ಎದುರಿನವರು ಬೇಸರಪಡುತ್ತಾರೆ ಅನ್ನಿಸಿದ ಕೂಡಲೇ ನಾನು ಮರೆಯಾಗುತ್ತಿದ್ದೆ. ಹಾಗೆ ಮರೆಯಾಗದೆ ಕೂತು ಹೇಳಿದ್ದು ಅದೇ ಮೊದಲ ಸಲ, ಹೇಳಿದ ಮೇಲೂ ಎದುರಿನವರು ಎದ್ದು ಹೋಗಲಿಲ್ಲ. ಎಡ್ವರ್ಡ್ ಬೋರ್ಡಿನ್ ಅನ್ನುವ ಮನಶ್ಶಾಸ್ತ್ರಜ್ಞರು 1979ರಲ್ಲಿ ಥೆರಪಿಯ ನಂಟನ್ನು ಮೂರಾಗಿ ವಿವರಿಸಿದ್ದರು: ಗುರಿಯ ಬಗ್ಗೆ ಒಮ್ಮತ, ಮಾಡುವ ಕೆಲಸದ ಬಗ್ಗೆ ಒಮ್ಮತ, ಇಬ್ಬರ ನಡುವಿನ ಬಾಂಧವ್ಯ. ನಮ್ಮಲ್ಲಿ ಎರಡನೆಯದು ಸಡಿಲವಾಗಿತ್ತು. ಅವತ್ತಿನಿಂದ ಬರೆಯುವುದನ್ನು ವಾರಕ್ಕೆ ಒಂದಕ್ಕೆ ಇಳಿಸಿ, ಅದನ್ನೂ ಅಲ್ಲೇ ಒಟ್ಟಿಗೆ ಬರೆದೆವು. ಆದ್ದರಿಂದ ನಾನು ಒತ್ತಿ ಹೇಳುವುದು ಇಷ್ಟೇ: ಸಹಾಯ ಆಗುತ್ತಿಲ್ಲ ಅನ್ನಿಸಿದರೆ, 'ನೀವು ಹೇಳಿದ್ದು ನನ್ನನ್ನು ನೋಯಿಸಿತು' ಅನ್ನಬೇಕಾದರೆ, ಅದನ್ನು ಥೆರಪಿಸ್ಟ್‌ಗೇ ಹೇಳಿ. ಒಳ್ಳೆಯವರು ಅದನ್ನು ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳದಿದ್ದರೆ ಬೇರೆಯವರನ್ನು ಹುಡುಕಲು ಅದಕ್ಕಿಂತ ದೊಡ್ಡ ಕಾರಣ ಬೇಡ.

ಆನ್‌ಲೈನ್‌ನಲ್ಲಿ ಆರು ಸೆಷನ್ ಮಾಡಿದೆ. ಬರವಣಿಗೆಯ ಕೆಲಸಕ್ಕೆ ಏನೂ ಕೊರತೆಯಾಗಲಿಲ್ಲ. ಆದರೆ ಅಪ್ಪನ ಕೊನೆಯ ದಿನದ ಬಗ್ಗೆ ಹೇಳುತ್ತಿದ್ದಾಗ ಪರದೆ ನಿಂತುಹೋಗಿ, ಮತ್ತೆ ಮೊದಲಿನಿಂದ ಹೇಳಬೇಕಾಗಿ ಬಂತು. ಅಂಥ ಮಾತಿಗೆ ನಾನು ಎದುರು ಕೂರುವುದನ್ನೇ ಬಯಸುತ್ತೇನೆ.

ಮುಗಿಸುವುದನ್ನೂ ನಾಲ್ಕು ತಿಂಗಳ ಮುಂಚಿನಿಂದಲೇ ಮಾತಾಡಿಕೊಂಡೆವು. ಕೊನೆಯ ಸಲ ಆ ಒಂಬತ್ತು ಪ್ರಶ್ನೆಗೆ ನನ್ನ ಅಂಕ 4. ಅಪ್ಪನ ನೆನಪು ಬಂದರೆ ಈಗಲೂ ಗಂಟಲು ಕಟ್ಟುತ್ತದೆ. ಅದನ್ನು ಥೆರಪಿ ತೆಗೆಯಲಿಲ್ಲ, ತೆಗೆಯಲಿ ಅಂತ ನಾನು ಬಯಸುವುದೂ ಇಲ್ಲ. ಅಕ್ಕನಿಗೆ ಆ ರಾತ್ರಿಯ ಬಗ್ಗೆ ನಾನೇ ಕೇಳಿದೆ. 'ನೀನು ಬಂದಾಗಲೇ ನಂಗೆ ಅಳು ಬಂದಿದ್ದು ಕಣೋ, ಅಲ್ಲಿವರೆಗೂ ಬಂದಿರಲಿಲ್ಲ' ಅಂದಳು.

ಕೊನೆಯ ಸೆಷನ್‌ನಲ್ಲಿ ಒಂದು ಕಾಗದದ ಮೇಲೆ ಮೂರು ಗುರುತು ಬರೆದುಕೊಂಡೆವು: ಮೂರೂವರೆಗೆ ಎಚ್ಚರ, ಫೋನ್ ಎತ್ತದಿರುವುದು, ಬರುತ್ತೇನೆ ಅಂತ ಒಪ್ಪಿ ಹೋಗದಿರುವುದು. ಇವುಗಳಲ್ಲಿ ಎರಡು, ಎರಡು ವಾರ ಒಟ್ಟಿಗೆ ಇದ್ದರೆ ಕರೆ ಮಾಡಬೇಕು ಅಂತ ಒಪ್ಪಂದ. ಅದನ್ನು ಬೀರುವಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ಮುಗಿಸಿದ ಐದನೇ ತಿಂಗಳಲ್ಲಿ ಒಮ್ಮೆ ಕರೆ ಮಾಡಿದೆ. ಎರಡು ಸೆಷನ್ ಸಾಕಾಯಿತು.