ಎರೆ ಹೊಲ, ಫರ್ಸಿ ಕಲ್ಲು, ಕೆಂಪು ಮೊರಂ: ಕಲಬುರಗಿ ಸೀಮೆಯಲ್ಲಿ ಎಕ್ಸ್‌ಪಲ್ಸ್ 200 4ವಿ

"ನಮ್ಮ ಕಡೆ ಬೆಟ್ಟ ಎಲ್ಲಿದೆ? ಇಲ್ಲಿ ಆಫ್‌ರೋಡ್ ಗಾಡಿ ಯಾಕೆ?" ಈ ಬೈಕ್ ತಗೊಳ್ಳುವಾಗ ಮನೆಯವರಿಂದ ಹಿಡಿದು ಪೆಟ್ರೋಲ್ ಬಂಕಿನ ಹುಡುಗನವರೆಗೆ ಎಲ್ಲರೂ ಕೇಳಿದ ಪ್ರಶ್ನೆ. ಈಗಲೂ ಹೊಸಬರು ಕೇಳುತ್ತಾರೆ. ಹೀರೋ ಎಕ್ಸ್‌ಪಲ್ಸ್ 200 4ವಿ ಕೆಲವು ವರ್ಷಗಳಿಂದ ನನ್ನ ಹತ್ತಿರ ಇದೆ. ವಾರವೆಲ್ಲ ಆಫೀಸಿಗೆ, ಶನಿವಾರ ಭಾನುವಾರ ಗೆಳೆಯರ ಜೊತೆ ಕಚ್ಚಾ ದಾರಿಗೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಇದರ ಮೇಲೇ ಸುತ್ತಿದ್ದೇನೆ. ನನ್ನ ಮಾತು ಇಷ್ಟೇ: ನಮ್ಮ ಸೀಮೆಗೆ ದೊಡ್ಡ ಇಂಜಿನ್ ಬೇಡ, ಹಗುರ ಗಾಡಿ ಬೇಕು.

ಬೆಟ್ಟ ಕಡಿಮೆ ಇರಬಹುದು. ಆದರೆ ನೆಲ ಬದಲಾಗುತ್ತಲೇ ಇರುತ್ತದೆ. ಆಳಂದ, ಅಫಜಲಪುರ ಕಡೆ ಎರೆ ಭೂಮಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಹೋದರೆ ಅಡಿಯಲ್ಲಿ ಸುಣ್ಣದ ಕಲ್ಲು, ನಾವೆಲ್ಲ ಮನೆ ನೆಲಕ್ಕೆ ಹಾಸುವ ಫರ್ಸಿ. ಬೀದರ್ ಊರು ಕೂತಿರುವ ಎತ್ತರದ ನೆಲ ಕೆಂಪು ಜಂಬಿಟ್ಟಿಗೆ. ಶಹಾಪುರ, ಸುರಪುರ ಮುಟ್ಟಿದರೆ ಗ್ರಾನೈಟ್ ಬಂಡೆ. ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ಸಂಜೆ ಮನೆ ಸೇರುವಷ್ಟರಲ್ಲಿ ಇಷ್ಟೂ ನೆಲ ಚಕ್ರದ ಕೆಳಗೆ ಬಂದು ಹೋಗಿರುತ್ತದೆ. ಒಂದೊಂದಕ್ಕೂ ಗಾಡಿ ಓಡಿಸುವ ರೀತಿ ಬೇರೆ.

ಅಂಕಿಅಂಶ ಬೇಗ ಮುಗಿಸ್ತೀನಿ. ಎಕ್ಸ್‌ಪಲ್ಸ್ 200 ಮೊದಲು ಬಂದಿದ್ದು 2019ರಲ್ಲಿ, ನಾಲ್ಕು ವಾಲ್ವಿನ 4ವಿ ಬಂದಿದ್ದು 2021ರಲ್ಲಿ. 199.6 ಸಿಸಿ ಇಂಜಿನ್, ಶಕ್ತಿ ಸುಮಾರು 19 ಪಿಎಸ್. ಮುಂದೆ 21 ಇಂಚಿನ ಚಕ್ರ, ಹಿಂದೆ 18. ಎರಡೂ ಸ್ಪೋಕ್, ಎರಡಕ್ಕೂ ಟ್ಯೂಬ್. ಮುಂದಿನ ಸಸ್ಪೆನ್ಶನ್ 190 ಮಿ.ಮೀ. ಆಡುತ್ತದೆ, ಹಿಂದಿನದು 170. ನೆಲದಿಂದ 220 ಮಿ.ಮೀ. ಎತ್ತರ. ಟ್ಯಾಂಕ್ 13 ಲೀಟರ್. ತೂಕ 158 ಕೆಜಿ. ನನ್ನ ಮಟ್ಟಿಗೆ ಈ ಪಟ್ಟಿಯಲ್ಲಿ ನೋಡಬೇಕಾದ್ದು ಕೊನೆಯ ಅಂಕಿ.

ತೂಕದ ಬೆಲೆ ಗೊತ್ತಾಗುವುದು ಎರೆ ಹೊಲದ ಬಂಡಿ ದಾರಿಯಲ್ಲಿ. ಬೇಸಿಗೆಯಲ್ಲಿ ಆ ದಾರಿ ಗಟ್ಟಿ, ಬರೀ ಧೂಳು. ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ, ಅದನ್ನು ಅಡ್ಡಡ್ಡ ದಾಟಿದರೆ ತೊಂದರೆ ಇಲ್ಲ, ಉದ್ದಕ್ಕೆ ಸಿಕ್ಕರೆ ಹ್ಯಾಂಡಲ್ ಎಳೆಯುತ್ತದೆ. ಮಿರಗದ ಮಳೆ, ಅಂದರೆ ಜೂನಿನ ಮುಂಗಾರು ಮಳೆ, ಬಿದ್ದರೆ ಅದೇ ದಾರಿ ಪೂರ್ತಿ ಬೇರೆ. ಆಳಂದ ತಾಲೂಕಿನ ಒಂದು ಹಳ್ಳಿಯಿಂದ ವಾಪಸ್ ಬರುವಾಗ ಅರ್ಧ ದಾರಿಯಲ್ಲಿ ಮಳೆ ಹಿಡಿಯಿತು. ಹತ್ತೇ ನಿಮಿಷ. ಮಣ್ಣು ಟೈರಿಗೆ ಸುತ್ತಿಕೊಳ್ಳಲು ಶುರುವಾಯಿತು, ಆಮೇಲೆ ಮಡ್‌ಗಾರ್ಡ್ ಮತ್ತು ಟೈರ್ ನಡುವೆ ತುಂಬಿತು. ಗಂಟು ತೆಗೆಯದೆ ಕಲಸಿದ ಹಿಟ್ಟಿನ ಹಾಗೆ, ಎಷ್ಟು ತೆಗೆದರೂ ಅಷ್ಟೇ ಅಂಟುತ್ತದೆ. ಮುಂದಿನ ಚಕ್ರ ತಿರುಗುವುದೇ ನಿಂತು ಜಾರುತ್ತಾ ಹೋಗುತ್ತದೆ. ಹೊಲದ ಬದಿಗೆ ಒಟ್ಟಿದ್ದ ತೊಗರಿ ಕಟ್ಟಿಗೆ ಮುರಿದುಕೊಂಡು ಕೆರೆದೆವು. ಸ್ಕ್ರೂಡ್ರೈವರಿಗಿಂತ ಅದೇ ವಾಸಿ, ಸ್ವಲ್ಪ ಬಾಗುತ್ತದೆ, ಸಂದಿಯೊಳಗೆ ಹೋಗುತ್ತದೆ. ಗುಡಿಸಲಲ್ಲಿ ಕೂತಿದ್ದ ಅಜ್ಜ ಎದ್ದು ಬಂದು, "ತಮ್ಮಾ, ಮಳಿ ಆಗ್ಯಾದ, ಈಗ ಈ ದಾರಿ ಬ್ಯಾಡ. ಎತ್ತ ಸೈತ ಕಾಲ ಊರಲ್ಲ" ಅಂದರು. ನಮಗೆ ಚಹಾ ಕೊಟ್ಟು, ಬದು ದಾಟಿದರೆ ಮೊರಂ (ಗರಸು ಮಣ್ಣು) ಹಾಕಿದ ರಸ್ತೆ ಸಿಗುತ್ತದೆ ಅಂತ ತೋರಿಸಿದರು.

ಆ ಬದುವಿನವರೆಗೆ ಗಾಡಿಗಳನ್ನು ತಳ್ಳಿಕೊಂಡೇ ಹೋಗಬೇಕಾಯಿತು. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450. ಬಹಳ ಒಳ್ಳೆಯ ಗಾಡಿ, 40 ಪಿಎಸ್, ಹೈವೇಯಲ್ಲಿ ನಾನು ಅವನ ಹಿಂದೆ ಬೀಳುವುದೂ ಕಷ್ಟ. ಅದರ ತೂಕ 196 ಕೆಜಿ. ನನ್ನದಕ್ಕಿಂತ 38 ಕೆಜಿ ಜಾಸ್ತಿ. ಕೇಳೋಕೆ ಏನೂ ಅನ್ನಿಸಲ್ಲ. ಕೆಸರಿನಲ್ಲಿ ಕಾಲು ಪಾದದವರೆಗೆ ಹೂತಾಗ ನನ್ನ ಗಾಡಿಗೆ ಇಬ್ಬರು ಸಾಕಾದರು. ಅವನದಕ್ಕೆ ನಾವು ನಾಲ್ಕೂ ಜನ ಕೈ ಹಾಕಬೇಕಾಯಿತು. ಜೊತೆಗೆ ಬಂದವರು ಕಡಿಮೆ ಇದ್ದ ದಿನ ಏನು ಮಾಡಬೇಕು ಅಂತ ಯೋಚಿಸಿ ನೋಡಿ.

ಚಿಂಚೋಳಿ ನಮ್ಮ ಗುಂಪಿಗೆ ಅತೀ ಇಷ್ಟದ ಜಾಗ. ಕಲಬುರಗಿಯಿಂದ ಬೆಳಿಗ್ಗೆ ಐದಕ್ಕೆ ಬಿಟ್ಟರೆ ಬಿಸಿಲು ಏರುವ ಮೊದಲೇ ತಲುಪಬಹುದು. ದಾರಿಯಲ್ಲಿ ಬಿಸಿ ಸುಸಲಾ, ಮಿರ್ಚಿ ಭಜಿ. ಆಮೇಲೆ ಊಟ ಎಷ್ಟೊತ್ತಿಗೋ ಗೊತ್ತಿಲ್ಲ, ಆದ್ದರಿಂದ ಇಲ್ಲೇ ಹೊಟ್ಟೆ ತುಂಬಿಸಿಕೊಳ್ಳಿ. ಚಂದ್ರಂಪಳ್ಳಿ ಜಲಾಶಯ, ಗೊಟ್ಟಂಗೊಟ್ಟ, ಎತ್ತಿಪೋತ ಜಲಪಾತ ಎಲ್ಲ ಆ ಕಡೆಯೇ. ಕಲಬುರಗಿ ಅಂದರೆ ಬರೀ ಬಿಸಿಲು ಅಂದುಕೊಂಡವರು ಆಗಸ್ಟಿನಲ್ಲಿ ಒಮ್ಮೆ ಅಲ್ಲಿಗೆ ಬರಬೇಕು. ಮಳೆ ಬಿದ್ದ ಮೇಲೆ ಕುರುಚಲು ಕಾಡು ಹಸಿರಾಗಿ, ಹಳ್ಳಗಳಲ್ಲಿ ನೀರು ಓಡುತ್ತಾ ಎಷ್ಟು ಚಂದ ಇರುತ್ತದೆ ಅಂದರೆ, ಇದು ನಮ್ಮದೇ ಜಿಲ್ಲೆ ಅನ್ನುವುದು ನನಗೆ ನಿಜಕ್ಕೂ ಹೆಮ್ಮೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಚಿಂಚೋಳಿ 2011ರಿಂದ ವನ್ಯಜೀವಿ ಧಾಮ, ಸುಮಾರು 135 ಚದರ ಕಿ.ಮೀ. ತೋಳ, ಕತ್ತೆಕಿರುಬ ಇರುವ ಕಾಡು. ಆಫ್‌ರೋಡ್ ಬೈಕ್ ಇದೆ ಅಂತ ಕಾಡಿನೊಳಗೆ ನುಗ್ಗುವುದು ತಪ್ಪು, ಕಾನೂನಿನ ಪ್ರಕಾರವೂ ತಪ್ಪು. ನಾವು ಊರಿಂದ ಊರಿಗೆ, ತಾಂಡಾದಿಂದ ತಾಂಡಾಕ್ಕೆ ಹೋಗುವ ದಾರಿ ಬಿಟ್ಟು ಆಚೀಚೆ ಇಳಿಯುವುದಿಲ್ಲ. ಹಳ್ಳ, ಕಲ್ಲು, ಏರು, ಇಳಿಜಾರು ಆ ದಾರಿಗಳಲ್ಲೇ ಬೇಕಾದಷ್ಟಿದೆ. ಬಿತ್ತಿದ ಹೊಲಕ್ಕೂ ಅಷ್ಟೇ. ತೊಗರಿ ಸಾಲಿನ ಮೇಲೆ ಗಾಡಿ ಓಡಿಸಿ ವಿಡಿಯೊ ಮಾಡುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಒಂದು ವರ್ಷದ ಬೆಳೆ ಅದು, ಅಲ್ವಾ?

ಹಳ್ಳ ದಾಟುವಾಗ ಈ ಬೈಕಿನ ಮೇಲೆ ನನಗೆ ಪೂರ್ತಿ ನಂಬಿಕೆ. ಸೈಲೆನ್ಸರ್ ಮೇಲಕ್ಕೆ ಏರಿಸಿ ಕೂರಿಸಿದ್ದಾರೆ, ನೀರು ಮೊಣಕಾಲ ಕೆಳಗಿದ್ದರೆ ಚಿಂತೆ ಇಲ್ಲ. ಮೊದಲು ಒಬ್ಬರು ನಡೆದು ನೋಡುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಗಾಡಿ. ನೀರಿನಡಿ ಉರುಟು ಕಲ್ಲು ಇದ್ದಾಗ 21 ಇಂಚಿನ ಚಕ್ರ ಹತ್ತಿ ಇಳಿಯುವುದು ಕೈಗೇ ಗೊತ್ತಾಗುತ್ತದೆ. ಸಣ್ಣ ಚಕ್ರದ ಗಾಡಿ ಅಲ್ಲಿ ಮುಗ್ಗರಿಸುತ್ತದೆ. ನನ್ನ ಮಾಡೆಲಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವುದು) ಮುಂದಿನ ಚಕ್ರಕ್ಕೆ ಮಾತ್ರ. ಕಚ್ಚಾ ಇಳಿಜಾರಿನಲ್ಲಿ ಅದೇ ಅನುಕೂಲ, ಹಿಂದಿನ ಚಕ್ರ ಬೇಕೆಂದಾಗ ಲಾಕ್ ಮಾಡಬಹುದು. 2023ರ ನಂತರದ ಮಾಡೆಲಿನಲ್ಲಿ ರೋಡ್, ಆಫ್‌ರೋಡ್, ರ‍್ಯಾಲಿ ಅಂತ ಎಬಿಎಸ್ ಮೋಡ್‌ಗಳನ್ನೇ ಕೊಟ್ಟಿದ್ದಾರೆ.

ಇನ್ನು ಪಂಕ್ಚರ್. ನಮ್ಮ ಕಡೆ ಜಾಲಿ ಮುಳ್ಳು ಇಲ್ಲದ ಕಚ್ಚಾ ದಾರಿಯೇ ಇಲ್ಲ. ಬೇಲಿಗೆ ಕಡಿದು ಹಾಕಿದ ಕೊಂಬೆ ದಾರಿಗೆ ಬಿದ್ದಿರುತ್ತದೆ. ಟ್ಯೂಬ್ ಟೈರ್ ಅಂದ ಕೂಡಲೇ ಹಲವರು ಮೂಗು ಮುರಿಯುತ್ತಾರೆ. ನಾನು ಹಾಗನ್ನಲ್ಲ. ಸ್ಪೋಕ್ ರಿಮ್ ಕಲ್ಲಿಗೆ ಬಡಿದು ಸ್ವಲ್ಪ ಸೊಟ್ಟಾದರೂ ಟ್ಯೂಬ್ ಗಾಳಿ ಹಿಡಿದಿರುತ್ತದೆ. ಯಾವ ಸಣ್ಣ ಊರಿನಲ್ಲೂ ಟ್ಯೂಬಿಗೆ ಪ್ಯಾಚ್ ಹಾಕುವವರು ಸಿಗುತ್ತಾರೆ. ಸಿಗದೇ ಇರುವುದು 21 ಇಂಚಿನ ಹೊಸ ಟ್ಯೂಬ್. ಅದನ್ನು ಮಾತ್ರ ಜೊತೆಗೇ ಇಟ್ಟುಕೊಳ್ಳಬೇಕು. ಹಿಂದಿನ ಚಕ್ರದ ಟ್ಯೂಬ್ ಹರಿದರೂ ಊರು ಮುಟ್ಟುವ ಮಟ್ಟಿಗೆ ಅದೇ ಟ್ಯೂಬನ್ನು 18 ಇಂಚಿನ ಟೈರಿಗೆ ಮಡಿಸಿ ಹಾಕಬಹುದು.

ಕೊಂಚಾವರಂ ಕಡೆ ಮುಂದಿನ ಟೈರ್ ಕೂತಾಗ ಮಾಡಿದ್ದು ಹೇಳ್ತೀನಿ, ಉಪಯೋಗಕ್ಕೆ ಬರುತ್ತದೆ. ದಾರಿ ಬದಿಯಲ್ಲಿ ಸಿಕ್ಕ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು, ಇಂಜಿನ್ ಕೆಳಗೆ ಕಲ್ಲು ಬಡಿಯದಂತೆ ಹಾಕಿರುವ ಬ್ಯಾಶ್ ಪ್ಲೇಟನ್ನು ಅದರ ಮೇಲೆ ಕೂರಿಸಿದೆವು. ಒಬ್ಬ ಹಿಂದೆ ಕ್ಯಾರಿಯರ್ ಒತ್ತಿ ಹಿಡಿದ, ಮುಂದಿನ ಚಕ್ರ ಗಾಳಿಯಲ್ಲಿ ಎದ್ದಿತು. ಚಕ್ರ ಬಿಚ್ಚಿ, ಟೈರ್ ಎಬ್ಬಿಸುವ ಲಿವರ್ ಹಾಕಿ, ಟ್ಯೂಬ್ ಎಳೆದ ಮೇಲೆ ಅವಸರ ಮಾಡಬಾರದು. ಕೈಗೆ ಬಟ್ಟೆ ಸುತ್ತಿ ಟೈರಿನ ಒಳಭಾಗವನ್ನೆಲ್ಲ ಸವರಿ ನೋಡಬೇಕು. ಹೊರಗೆ ಮುರಿದುಹೋದ ಜಾಲಿ ಮುಳ್ಳಿನ ಮೊನೆ ಒಳಗೆ ಅಕ್ಕಿ ಕಾಳಿನಷ್ಟೇ ಕಾಣುತ್ತದೆ. ಅದನ್ನು ಇಕ್ಕಳದಲ್ಲಿ ಕೀಳದಿದ್ದರೆ ಹೊಸ ಟ್ಯೂಬೂ ಅರ್ಧ ಗಂಟೆಯಲ್ಲಿ ಕೂರುತ್ತದೆ.

ಶಹಾಬಾದ್ ಕಡೆಯ ಕಲ್ಲು ಬೇರೆ ಥರ ತೊಂದರೆ ಕೊಡುತ್ತದೆ. ಗಣಿಯಿಂದ ಹೊರಹಾಕಿದ ಫರ್ಸಿ ಚೂರುಗಳ ಅಂಚು ಹರಿತ. ಕಡಿಮೆ ಗಾಳಿ ಇದ್ದರೆ ಟ್ಯೂಬ್ ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಎರಡು ಕಡೆ ಸೀಳುತ್ತದೆ. ಸಡಿಲ ಮಣ್ಣಿಗೆ ಗಾಳಿ ಇಳಿಸುವ ನಾವು ಇಲ್ಲಿ ಇಳಿಸುವುದಿಲ್ಲ. ಕೈಬಿಟ್ಟ ಗಣಿಗಳ ಹತ್ತಿರ ಸುಳಿಯಲೇಬೇಡಿ, ನೀರು ತುಂಬಿದ ಗುಂಡಿಯ ಅಂಚು ಮೇಲಿಂದ ಗೊತ್ತೇ ಆಗುವುದಿಲ್ಲ. ಆ ದಿಕ್ಕಿಗೆ ಹೋದಾಗ ನಾವು ಸನ್ನತಿವರೆಗೆ ಹೋಗಿ ಬರುತ್ತೇವೆ. ಭೀಮಾ ದಂಡೆಯ ಈ ಊರಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೆತ್ತಿದ ಶಿಲ್ಪವೇ ಇದೆ. ಬೈಕ್ ವಿಮರ್ಶೆಯಲ್ಲಿ ಇದು ಯಾಕೆ ಅನ್ನಬೇಡಿ. ಬೈಕ್ ಇದ್ದುದರಿಂದಲೇ ನಾನು ಅಲ್ಲಿಗೆ ಹೋದದ್ದು.

ಬೀದರಿನ ಕೆಂಪು ನೆಲದಲ್ಲಿ ಗಾಡಿ ಓಡಿಸುವುದು ಖುಷಿ. ಮೇಲೆ ಸಡಿಲ ಮೊರಂ, ಕೆಳಗೆ ಗಟ್ಟಿ. ಎದ್ದು ನಿಂತು, ಎರಡನೇ ಗೇರಿನಲ್ಲಿ, ಬ್ರೇಕ್ ಮುಟ್ಟದೆ ಹೋಗುತ್ತಿದ್ದರೆ ಸಾಕು. ನಿಂತು ಓಡಿಸಲು ಹ್ಯಾಂಡಲ್, ಫುಟ್‌ಪೆಗ್, ಟ್ಯಾಂಕ್ ಮೂರೂ ಸರಿಯಾದ ಜಾಗದಲ್ಲಿವೆ. ಶಹಾಪುರದ ಕಡೆ, ಮಲಗಿದ ಬುದ್ಧನ ಹಾಗೆ ಕಾಣುವ ಆ ಗುಡ್ಡದ ಸುತ್ತ, ಬಂಡೆಗಳ ನಡುವೆ ನಿಧಾನಕ್ಕೆ ಹೋಗುವಾಗ ಮಾತ್ರ ಇಂಜಿನ್ ಕೆಳಗಿನ ವೇಗದಲ್ಲಿ ಸ್ವಲ್ಪ ಒದ್ದಾಡುತ್ತದೆ. ಕ್ಲಚ್ ಹಿಡಿದು ಹಿಡಿದು ಬಿಡಬೇಕು.

ಹೈವೇ ಬಗ್ಗೆ ಉದ್ದ ಹೇಳುವುದೇನೂ ಇಲ್ಲ. ಹುಮನಾಬಾದ್ ರಸ್ತೆಯಲ್ಲಿ 80ರಿಂದ 90ರಲ್ಲಿ ಆರಾಮ. ಅದರ ಮೇಲೆ 19 ಪಿಎಸ್ ಏನು ಮಾಡಬಹುದೋ ಅಷ್ಟೇ. ದಿನವೂ ದೂರದ ಊರಿಗೆ ಹೈವೇಯಲ್ಲಿ ಹೋಗುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮೈಲೇಜ್ ಡಾಂಬರ್ ರಸ್ತೆಯಲ್ಲಿ 35ರ ಮೇಲೆ, ಕಚ್ಚಾದಲ್ಲಿ 30ರ ಆಸುಪಾಸು. ಚಿಂಚೋಳಿಗೆ ಹೋಗಿ, ಸುತ್ತಾಡಿ ವಾಪಸ್ ಬರಲು ಒಂದು ಟ್ಯಾಂಕ್ ಧಾರಾಳ.

ಬಿಸಿಲು ನಮ್ಮ ಊರಿನ ನಿಜವಾದ ಪರೀಕ್ಷೆ. ಮೇ ತಿಂಗಳಲ್ಲಿ 43 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ಇಂಜಿನಿಗೆ ಆಯಿಲ್ ಕೂಲರ್ ಇದೆ, ಇದುವರೆಗೆ ಬಿಸಿಯಿಂದ ನಿಂತಿಲ್ಲ. ಮನುಷ್ಯನಿಗೆ ಆಯಿಲ್ ಕೂಲರ್ ಇಲ್ಲವಲ್ಲ, ಆದ್ದರಿಂದ ಏಪ್ರಿಲ್, ಮೇನಲ್ಲಿ ಹನ್ನೊಂದರೊಳಗೆ ಮನೆ ಸೇರುತ್ತೇವೆ. ಹೆಲ್ಮೆಟ್, ಬೂಟು, ಮೊಣಕಾಲು ಗಾರ್ಡ್ ತೆಗೆಯುವ ಮಾತಿಲ್ಲ.

ಸರ್ವಿಸ್ ವಿಷಯದಲ್ಲಿ ಕಣ್ಣಿಟ್ಟಿರಬೇಕು. ಸೇಡಂ, ಮಳಖೇಡ, ವಾಡಿ ಕಡೆಯ ಸಿಮೆಂಟ್ ಲಾರಿಗಳ ಧೂಳು, ಜೊತೆಗೆ ಎರೆ ಮಣ್ಣಿನ ಧೂಳು. ಏರ್ ಫಿಲ್ಟರ್ ಬೇಗ ಕಟ್ಟುತ್ತದೆ. ಊರಿನ ಒಂದು ಗ್ಯಾರೇಜಿನಲ್ಲಿ ಬಿಲ್ಲಿಗೆ ಹೊಸ ಫಿಲ್ಟರ್ ಬರೆದು ಹಳೆಯದನ್ನೇ ಊದಿ ಕೂರಿಸಿದ್ದರು. ಅಂದಿನಿಂದ ಫಿಲ್ಟರ್ ನಾನೇ ತಂದು, ಎದುರಿಗೆ ನಿಂತು ಹಾಕಿಸುತ್ತೇನೆ. ಚೈನ್ ಪ್ರತಿ ಟ್ರಿಪ್ ಆದ ಮೇಲೆ ಡೀಸೆಲ್ಲಿನಲ್ಲಿ ಒರೆಸಿ ಲೂಬ್ ಹಾಕಬೇಕು. ಸ್ಪೋಕ್ ನೋಡುವುದು ಸುಲಭ: ಸ್ಪ್ಯಾನರಿನಿಂದ ಒಂದೊಂದೇ ಮೆಲ್ಲಗೆ ತಟ್ಟಿ. ಬಿಗಿ ಇದ್ದದ್ದು ಟಿಂಗ್ ಅನ್ನುತ್ತದೆ, ಸಡಿಲ ಆದದ್ದು ಟಕ್ ಅನ್ನುತ್ತದೆ. ಸ್ಪೋಕ್ ಬಿಗಿ ಮಾಡುವ ಹಳೆಯ ಸೈಕಲ್ ಮೇಸ್ತ್ರಿಗಳು ಕಲಬುರಗಿಯಲ್ಲಿ ಇನ್ನೂ ಇದ್ದಾರೆ. ನನ್ನ ಚಕ್ರ ಸೊಟ್ಟ ತೆಗೆದವರು ಅಂಥ ಒಬ್ಬರು ಕಾಕಾ. ಎಷ್ಟು ಕೈಗುಣ ಅಂತೀರಿ, ಬೆರಳು ಸುಮ್ನೆ ರಿಮ್ಮಿಗೆ ತಾಗಿಸಿ ತಿರುಗಿಸುತ್ತಾ ಸರಿ ಮಾಡಿದರು.

ತಗೊಳ್ಳುವ ಮೊದಲು ಶೋರೂಮಿನಲ್ಲಿ ಹತ್ತಿ ಕೂತು ನೋಡಿ. ಸೀಟ್ ಎತ್ತರ 825 ಮಿ.ಮೀ. ಐದಡಿ ಐದಿಂಚಿಗಿಂತ ಕಡಿಮೆ ಇದ್ದರೆ ಎರಡೂ ಪಾದ ಪೂರ್ತಿ ಊರುವುದಿಲ್ಲ. ಹಗುರ ಗಾಡಿ ಆದ್ದರಿಂದ ಅಭ್ಯಾಸ ಆಗುತ್ತದೆ, ಆದರೆ ಮೊದಲೇ ಗೊತ್ತಿರಲಿ. ಇದೇ ಬೈಕಿನ ಪ್ರೋ ಮಾಡೆಲ್ ಇನ್ನೂ ಎತ್ತರ, 891. ನಮ್ಮ ದಾರಿಗಳಿಗೆ ಅಷ್ಟು ಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಆ ದುಡ್ಡಿನಲ್ಲಿ ಒಳ್ಳೆಯ ಬೂಟು, ಕೈಪಂಪ್, ಲಿವರ್, ಎರಡು ಟ್ಯೂಬ್ ತಗೊಳ್ಳಿ. ನನ್ನ ಗಾಡಿಯ ಹಿಂದಿನ ಟೈರ್ ಈಗ ಸವೆದಿದೆ. ಮಿರಗಕ್ಕೆ ಮೊದಲು ಗುಬ್ಬಿ (ಮೇಲಿನ ರಬ್ಬರ್ ಉಬ್ಬು) ದೊಡ್ಡದಿರುವ ಟೈರ್ ಹಾಕಿಸಿ, ಈ ಸಲ ಗುರುಮಠಕಲ್ ಹತ್ತಿರದ ನಜರಾಪುರ ಜಲಪಾತದ ಕಡೆ ಹೋಗಬೇಕು ಅಂತ ಗೆಳೆಯರೆಲ್ಲ ಮಾತಾಡಿಕೊಂಡಿದ್ದೇವೆ.